ತೋಡಿನಿಂದ ಕಟ್ಟಪುಣಿಗೆ: ಮಂಗಳೂರು ಪರಿಸರದ ಕಾಲಿಲ್ಲದ ಉಭಯವಾಸಿಗಳು

ಮಂಗಳೂರಿನ ತೋಡು, ಕೆರೆಗಳಲ್ಲಿ ಸಲಾಮಾಂಡರ್ ಇಲ್ಲ. ಕರ್ನಾಟಕದಲ್ಲೇ ಎಲ್ಲೂ ಇಲ್ಲ. ಭಾರತದಲ್ಲಿ ಆ ಗಣದ ಪ್ರತಿನಿಧಿಗಳಾದ ಟೈಲೊಟೊಟ್ರೈಟಾನ್ ಕುಲದ ನ್ಯೂಟ್‌ಗಳು ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳಿಗಷ್ಟೇ ಸೀಮಿತ. ಇದಕ್ಕೆ ಭೂಚರಿತ್ರೆಯೇ ಕಾರಣ. ಸಲಾಮಾಂಡರ್‌ಗಳು ಉತ್ತರದ ಪ್ರಾಚೀನ ಮಹಾಖಂಡವಾದ ಲಾರೇಷಿಯಾದಲ್ಲಿ ವಿಕಾಸಗೊಂಡವು. ದಕ್ಷಿಣದ ಮಹಾಖಂಡವಾದ ಗೊಂಡ್ವಾನದಿಂದ ಕಳಚಿ ಬಂದ ಭಾರತ ಹೊತ್ತು ತಂದದ್ದು ಸಿಸಿಲಿಯನ್‌ಗಳನ್ನು, ಅಂದರೆ ಕಾಲಿಲ್ಲದೆ ಮಣ್ಣಿನೊಳಗೆ ಬದುಕುವ ಉಭಯವಾಸಿಗಳನ್ನು. ನೀರಿನ ಸಲಾಮಾಂಡರ್‌ಗೆ ನಮ್ಮ ಸೀಮೆಯಲ್ಲಿ ಸಾಟಿ ಹುಡುಕುವುದಾದರೆ ಇವುಗಳ ಮರಿಗಳನ್ನೇ ನೋಡಬೇಕು.

ಪಶ್ಚಿಮ ಘಟ್ಟದ ಇಕ್ತಿಯೋಫಿಸ್ ಕುಲವನ್ನು ತೆಗೆದುಕೊಳ್ಳೋಣ. ತಾಯಿ ನೀರಂಚಿನ ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಟ್ಟು, ಅವುಗಳ ಸುತ್ತ ಸುರುಳಿಯಾಗಿ ಮಲಗಿ ಕಾಯುತ್ತದೆ. ಇದೇ ಕುಲದ ಶ್ರೀಲಂಕಾ ಪ್ರಭೇದವೊಂದರ ಬೆಳವಣಿಗೆಯನ್ನು ಪಾಲ್ ಮತ್ತು ಫ್ರಿಟ್ಸ್ ಸರಾಸಿನ್ 1880ರ ದಶಕದಲ್ಲೇ ವಿವರವಾಗಿ ದಾಖಲಿಸಿದ್ದರು. ಮೊಟ್ಟೆಯೊಳಗಿನ ಭ್ರೂಣಕ್ಕೆ ಗರಿಯಂಥ ಮೂರು ಜೊತೆ ಹೊರಕಿವಿರುಗಳಿರುತ್ತವೆ. ಸಲಾಮಾಂಡರ್ ಮರಿಗೂ ಮೂರೇ ಜೊತೆ. ಆದರೆ ಅದು ಮರಿಯಾಗಿರುವಷ್ಟು ಕಾಲ ಅವನ್ನು ಉಳಿಸಿಕೊಳ್ಳುತ್ತದೆ. ಮೆಕ್ಸಿಕೊದ ಆಕ್ಸೊಲಾಟಲ್ ಅಂತೂ ಜೀವಮಾನವಿಡೀ. ಇಕ್ತಿಯೋಫಿಸ್ ಮರಿಯಲ್ಲಿ ಮೊಟ್ಟೆಯೊಡೆದ ಬೆನ್ನಿಗೇ ಅವು ಉದುರಿ, ಕತ್ತಿನ ಇಕ್ಕೆಲದಲ್ಲಿ ಒಂದೊಂದು ಕಿವಿರುರಂಧ್ರ ಮಾತ್ರ ಉಳಿಯುತ್ತದೆ. ಬಾಲದ ತುದಿಯಲ್ಲಿ ತೆಳುವಾದ ಈಜುರೆಕ್ಕೆ. ಹಗಲು ಕಲ್ಲಿನಡಿ ಅಡಗಿ, ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ತಲೆಯ ಚರ್ಮದಲ್ಲಿರುವ ಸೂಕ್ಷ್ಮ ಅಂಗಗಳು ನೀರಿನ ಅಲುಗಾಟವನ್ನೂ ಬೇಟೆಯ ಮೈಯಿಂದ ಹೊಮ್ಮುವ ಅತಿಕ್ಷೀಣ ವಿದ್ಯುತ್ತನ್ನೂ ಗ್ರಹಿಸುತ್ತವೆ. ಆಕ್ಸೊಲಾಟಲ್‌ಗೂ ಈ ಶಕ್ತಿಯಿದೆ. ರೂಪಾಂತರವಾದಾಗ ರೆಕ್ಕೆ, ರಂಧ್ರ, ಈ ಅಂಗಗಳು ಎಲ್ಲವೂ ಮಾಯವಾಗಿ, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಸಣ್ಣದೊಂದು ಸ್ಪರ್ಶಾಂಗ ಮೂಡುತ್ತದೆ. ಮುಂದಿನ ಬದುಕಿಗೆ ವಾಸನೆ ಹಿಡಿದು ದಾರಿ ತೋರುವುದು ಅದೇ. ಉಭಯವಾಸಿ ಎಂಬ ಹೆಸರಿಗೆ ಇದಕ್ಕಿಂತ ತಕ್ಕ ಪ್ರಾಣಿಯನ್ನು ನಾನು ಕಾಣೆ.

ಗೆಗೆನಿಯೋಫಿಸ್ ಕುಲದ್ದು ಬೇರೆಯೇ ದಾರಿ. ಮಂಗಳೂರಿಗೆ ಹತ್ತಿರದ ಗುರುಪುರದ ಕೃಷ್ಣ ಫಾರ್ಮ್ಸ್‌ನಲ್ಲಿ ಸಿಕ್ಕಿದ ಮಾದರಿಗಳನ್ನು ಆಧರಿಸಿ ಪಿಳ್ಳೈ ಮತ್ತು ರವಿಚಂದ್ರನ್ 1999ರಲ್ಲಿ ಗೆಗೆನಿಯೋಫಿಸ್ ಕೃಷ್ಣಿಯನ್ನು ವಿವರಿಸಿದರು. ಈ ಕುಲದ ಕೆಲವು ಪ್ರಭೇದಗಳು ಮೊಟ್ಟೆಯೊಳಗೇ ಬೆಳವಣಿಗೆ ಮುಗಿಸುತ್ತವೆ. ಮಹಾರಾಷ್ಟ್ರದ ಶೇಷಾಚಾರಿ ಪ್ರಭೇದ ನೇರವಾಗಿ ಮರಿ ಹಾಕುತ್ತದೆ. ನೀರಿಗಿಳಿಯುವ ಹಂತವೇ ಇವುಗಳಿಗಿಲ್ಲ. ಇವುಗಳ ನೆಂಟರು ಹಿಂದೂ ಮಹಾಸಾಗರದಾಚೆ ಸೇಶೆಲ್ಸ್ ದ್ವೀಪಗಳಲ್ಲಿದ್ದಾರೆ. ಅಲ್ಲಿನ ಕೆಲವಕ್ಕೆ ಈಗಲೂ ನೀರಿನಲ್ಲಿ ಬೆಳೆಯುವ ಮರಿಗಳುಂಟು.

ಸಂರಕ್ಷಣೆಗೆ ಈ ವ್ಯತ್ಯಾಸ ಮುಖ್ಯ. ತೋಡಿನ ಎರಡೂ ದಡಕ್ಕೆ ಕಾಂಕ್ರೀಟು ಹಾಕಿದರೆ ನೀರು ಹರಿದೀತು, ಆದರೆ ಇಕ್ತಿಯೋಫಿಸ್ ತಾಯಿಗೆ ಮೊಟ್ಟೆಯಿಡುವ ಮಣ್ಣೂ ಮರಿಗೆ ಅಡಗುವ ಕಲ್ಲೂ ಒಟ್ಟಿಗೇ ಇಲ್ಲವಾಗುತ್ತವೆ. ಗೆಗೆನಿಯೋಫಿಸ್‌ಗೆ ಬೇಕಾದದ್ದು ಅಡಿಕೆ ತೋಟದ ತೇವ, ಕೊಳೆತ ಸೊಪ್ಪು, ಸಡಿಲ ಮಣ್ಣು. ಕಪ್ಪೆಗಳನ್ನು ಕೂಗಿನಿಂದ ಗುರುತಿಸಿ ಎಣಿಸುವ ಪದ್ಧತಿ ಇಲ್ಲಿ ನಡೆಯದು, ಏಕೆಂದರೆ ಸಿಸಿಲಿಯನ್ ಹಾಗೆ ಕೂಗುವುದಿಲ್ಲ. ಮಳೆಗಾಲದಲ್ಲಿ ಕಟ್ಟಪುಣಿಯನ್ನು, ಅಂದರೆ ಗದ್ದೆಯ ಬದುವನ್ನು, ಹಾರೆಯಿಂದ ಮೆಲ್ಲಗೆ ಅಗೆದು ನೋಡಬೇಕು. ರಾತ್ರಿ ತೋಡಿನ ಕಲ್ಲುಗಳ ಸಂದಿಗೆ ಟಾರ್ಚ್ ಬಿಡಬೇಕು. ಎರಡನ್ನೂ ಒಂದೇ ಸಮೀಕ್ಷೆಯಲ್ಲಿ ಸೇರಿಸಬೇಕು. ಹಾವಿನ ಮರಿಯೆಂದು ಹೊಡೆದು ಹಾಕುವ ಮೊದಲು ಮೈಮೇಲಿನ ಉಂಗುರಗಳನ್ನು ನೋಡುವಂತೆ ತೋಟದ ಕೆಲಸದವರಿಗೆ ತಿಳಿಹೇಳುವುದೂ ಆ ಸಮೀಕ್ಷೆಯ ಭಾಗವೇ ಆಗಬೇಕು. ವಿಷದ ಹಲ್ಲಿಲ್ಲದ ಈ ಜೀವಿ ಎರೆಹುಳು, ಗೆದ್ದಲು ತಿಂದು ಬದುಕುತ್ತದೆ.