ಘಟಪ್ರಭೆಯ ಎತ್ತರ, ಕಡಲಿನ ನೇಮ

ಗೋಕಾಕ ಜಲಪಾತವನ್ನು ನಾನು ಮೊದಲು ಕಂಡದ್ದು ಬೇಸಿಗೆಯಲ್ಲಿ. ಸುಮಾರು 170 ಅಡಿಯ ಬಂಡೆ ಬಹುಮಟ್ಟಿಗೆ ಒಣಗಿ ನಿಂತಿತ್ತು. ಇಲ್ಲಿ ಧುಮುಕುವ ಘಟಪ್ರಭೆಯ ನೀರೇ 1887ರಲ್ಲಿ ದಂಡೆಯ ಹತ್ತಿ ಗಿರಣಿಯನ್ನು ನಡೆಸಿತೆಂದರೆ ಆಗ ನಂಬಿಕೆ ಬರಲಿಲ್ಲ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿದ್ದು 1902ರಲ್ಲಿ. ಇದು ಅದಕ್ಕೂ ಹದಿನೈದು ವರ್ಷ ಹಿಂದಿನ ಮಾತು. ನೀರಿಗೆ ಬಲ ಬರುವುದು ಎತ್ತರದಿಂದ. ಆದರೆ ನದಿಗೆ ಮಳೆಯ ಹಂಗು.

ಕಡಲಿಗೆ ಆ ಹಂಗಿಲ್ಲ. ಚಂದ್ರಸೂರ್ಯರ ಸೆಳೆತದ ಉಬ್ಬರವಿಳಿತವನ್ನು ಪಂಚಾಂಗದಂತೆ ಮುಂಗಡವಾಗಿ ಗುಣಿಸಬಹುದು. ಫ್ರಾನ್ಸಿನವರು ರಾನ್ಸ್ ನದೀಮುಖಕ್ಕೆ ಒಡ್ಡು ಕಟ್ಟಿ, 1966ರಲ್ಲಿ 240 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ತೆರೆದರು. ಅಲ್ಲಿ ನೀರು ಸರಾಸರಿ 26 ಅಡಿ ಏರಿಳಿಯುತ್ತದೆ. ನಮ್ಮ ಕಾರವಾರದಲ್ಲಿ ಆರೇಳು ಅಡಿ ಏರಿದರೆ ಹೆಚ್ಚು. ಘಟಪ್ರಭೆಗೆ ಎತ್ತರವುಂಟು, ನೇಮವಿಲ್ಲ. ನಮ್ಮ ಕಡಲಿಗೆ ನೇಮವುಂಟು, ಎತ್ತರವಿಲ್ಲ. ಆ ಒಣ ಬಂಡೆ ನನಗೆ ಇಂದಿಗೂ ಇದನ್ನೇ ನೆನಪಿಸುತ್ತದೆ.