ಹರಿವಾಣದೊಳಗಿನ ಬೆಟ್ಟ

ಕಂಪ್ಲಿಯ ಬಳಿಯ ಮೆಟ್ರಿ ಗ್ರಾಮದ ಕಡೆಯಿಂದ ಹಂಪೆಯತ್ತ ನಡೆದವರು ಅಲ್ಲಿಯ ಕಲ್ಲುಗುಡ್ಡಗಳನ್ನು ಮರೆಯಲಾರರು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಕಣಶಿಲೆಯು ಬಿಸಿಲು ಮಳೆಗಳಿಗೆ ಸಿಕ್ಕಿ, ಬಿರುಕುಗಳ ಗುಂಟ ಸವೆದು, ಗುಂಡುಗಳಾಗಿ ಒಂದರ ಮೇಲೊಂದು ನಿಂತಿದೆ. ಆ ಬಿರುಕುಗಳಲ್ಲಿ ಅಲ್ಲಲ್ಲಿ ಆಲವೋ ಅರಳಿಯೋ ಹಿಡಿ ಮಣ್ಣನ್ನು ನಂಬಿ ಬೇರೂರಿರುವುದುಂಟು. ಹಕ್ಕಿ ತಂದ ಬೀಜದಿಂದ ಹುಟ್ಟಿದ ಆ ಮರವು ಎತ್ತರದಲ್ಲಿ ಮೊಳದಷ್ಟಿದ್ದರೂ ಕಾಂಡದ ಗಂಟುಗಳಲ್ಲಿ ಮುದುಕನಂತೆ ಕಾಣುವುದು. ಪ್ರಕೃತಿಯು ತಾನಾಗಿ ಮಾಡಿದ ಈ ಕೆಲಸವನ್ನೇ ಪೂರ್ವದೇಶದ ಜನರು ಕೈಯಿಂದ ಮಾಡಿ, ಅದನ್ನೊಂದು ಕಲೆಯಾಗಿ ಬೆಳೆಸಿದರು. ಆ ಕಲೆಯ ಚರಿತ್ರೆಯನ್ನೂ, ಅದಕ್ಕೂ ನಮಗೂ ಇರುವ ನಂಟನ್ನೂ ಇಂದು ವಿಚಾರಿಸೋಣ.

ಹರಿವಾಣದಲ್ಲಿ ಬೆಟ್ಟವನ್ನಿಡುವ ಪದ್ಧತಿಯು ಮೊದಲು ಕಾಣುವುದು ಚೀನಾ ದೇಶದಲ್ಲಿ. ತಾಂಗ್ ರಾಜವಂಶದ ಜಾಂಗ್‌ಹುವಾಯ್ ರಾಜಕುಮಾರನ ಸಮಾಧಿಯು 706ರಲ್ಲಿ ಕಟ್ಟಿದ್ದು. ಕಲ್ಲನ್ನೂ ಸಣ್ಣ ಗಿಡಗಳನ್ನೂ ಇರಿಸಿದ ತಟ್ಟೆಯನ್ನು ಹಿಡಿದು ನಿಂತ ಸೇವಕರ ಚಿತ್ರವು ಅದರ ಗೋಡೆಯ ಮೇಲಿದೆ. ಚೀನಾದಿಂದ ಈ ರುಚಿಯು ಜಪಾನಿಗೆ ದಾಟಿತು. ಅಲ್ಲಿ 1309ರ ಒಂದು ಚಿತ್ರಸುರುಳಿಯಲ್ಲಿ ಇಂಥ ತಟ್ಟೆಗಳನ್ನು ಸ್ಪಷ್ಟವಾಗಿ ಕಾಣಬಹುದು. 1848ರ ವೇಳೆಗಂತೂ ಟೋಕೈಡೋ ಹೆದ್ದಾರಿಯ 53 ತಂಗುದಾಣಗಳ ನೋಟಗಳನ್ನು ತಟ್ಟೆತೋಟಗಳಾಗಿ ಕಲ್ಪಿಸಿ, ಚಿತ್ರಗಳ ಪುಸ್ತಕವನ್ನೇ ಅಚ್ಚುಹಾಕಿದರು. ದಾರಿ ನಡೆಯಲಾರದ ಮುದುಕನೂ ಮನೆಯಲ್ಲಿ ಕುಳಿತು ದೇಶವನ್ನು ನೋಡುವ ಉಪಾಯವಿದು.

ಜಪಾನೀಯರು ಇದರಲ್ಲಿ ಭೇದಗಳನ್ನೆಣಿಸುವರು. ಒಂದು ಮರವನ್ನೇ ಕುಳ್ಳಾಗಿ ಬೆಳೆಸಿದರೆ ಅದು ಬೋನ್ಸಾಯ್. ಕಪ್ಪು ಹರಿವಾಣದ ಮೇಲೆ ಬಿಳಿಯ ಮರಳನ್ನೂ ಕಲ್ಲುಗಳನ್ನೂ ಹರಡಿ ಕಡಲನ್ನೂ ಬೆಟ್ಟವನ್ನೂ ಬರೆದರೆ ಅದು ಬೋನ್ಸೆಕಿ. ಜೇಡಿಯಂಥ ಮಣ್ಣಿನಿಂದ ಬೆಟ್ಟ ಕಣಿವೆಗಳನ್ನು ತಿದ್ದಿ, ಪುಟ್ಟ ಸೇತುವೆ ಗುಡಿಸಲುಗಳನ್ನಿಟ್ಟರೆ ಅದು ಬೋನ್‌ಕೆಯ್. ಎರಡನೆಯ ಮಹಾಯುದ್ಧದ ತರುವಾಯ ತೊಶಿಯೋ ಕಾವಾಮೊಟೊ ಎಂಬಾತನು ಎಳೆಯ ಗಿಡಗಳನ್ನೂ ಕಲ್ಲುಗಳನ್ನೂ ಕೂಡಿಸಿ ಸಜೀವವಾದ ತಟ್ಟೆತೋಟವನ್ನು ಮಾಡುವ ಸುಲಭಕ್ರಮವನ್ನು ಪ್ರಚಾರಕ್ಕೆ ತಂದನು. ಅದಕ್ಕೆ ಸಾಯ್‌ಕೆಯ್ ಎಂದು ಹೆಸರು. ಹಳೆಯ ಬೋನ್ಸಾಯ್ ಮರಗಳನ್ನು ಕೊಳ್ಳಲಾರದವರಿಗೂ ಇದು ಕೈಗೆಟುಕಿತು.

ಇದನ್ನು ನಮ್ಮಲ್ಲಿ ಮಾಡುವುದು ಕಷ್ಟವಲ್ಲ. ಅಡಿಯಲ್ಲಿ ತೂತುಗಳಿರುವ, ಎರಡು ಮೂರು ಅಂಗುಲ ಆಳದ ಮಣ್ಣಿನ ತಟ್ಟೆಯೊಂದು ಬೇಕು. ಕೆಮ್ಮಣ್ಣು, ದಪ್ಪ ಮರಳು, ಕೊಳೆತ ಎಲೆಗೊಬ್ಬರ ಇವನ್ನು ಬೆರೆಸಿ ತುಂಬಬೇಕು. ಕಲ್ಲುಗಳೆಲ್ಲವೂ ಒಂದೇ ಜಾತಿಯವಾಗಿರಲಿ. ದೊಡ್ಡದನ್ನು ನಟ್ಟನಡುವೆ ಇಡದೆ ಒಂದು ಪಕ್ಕಕ್ಕಿರಿಸಿ, ಚಿಕ್ಕವು ಅದನ್ನು ಅನುಸರಿಸುವಂತೆ ಜೋಡಿಸಬೇಕು. ಮೂರನೆಯ ಒಂದು ಪಾಲು ಕಲ್ಲಿನ ಬುಡವು ಮಣ್ಣಿನಲ್ಲಿ ಹುದುಗಿದ್ದರೆ ಅದು ನೆಲದಿಂದ ಎದ್ದ ಬೆಟ್ಟದಂತೆ ತೋರುವುದು. ಇಲ್ಲದಿದ್ದರೆ ತಂದಿಟ್ಟ ಕಲ್ಲಿನಂತೆಯೇ ಇರುವುದು. ಸಣ್ಣೆಲೆಯ ಆಲದ ಜಾತಿಗಳೂ ಹುಣಿಸೆಯೂ ನಮ್ಮ ಬಿಸಿಲಿಗೆ ಒಗ್ಗುವ ಮರಗಳು. ಮಳೆಗಾಲದಲ್ಲಿ ಹಳೆಯ ಗೋಡೆಯಿಂದ ಎಬ್ಬಿಸಿದ ಪಾಚಿಯೇ ಹುಲ್ಲುಗಾವಲು.

ಮಾಡುವುದಕ್ಕಿಂತ ಕಾಪಾಡುವುದು ಹೆಚ್ಚಿನ ಕೆಲಸ. ತಟ್ಟೆಯ ಮಣ್ಣು ತೆಳುವಾದುದರಿಂದ ಬೇಸಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಗಿಡವು ಬಾಡೀತು. ನೀರು ನಿಂತರೆ ಬೇರು ಕೊಳೆತೀತು. ಚಿಗುರನ್ನು ಆಗಾಗ ಚಿವುಟಬೇಕು. ಎರಡು ವರ್ಷಗಳಿಗೊಮ್ಮೆ, ಮಳೆಗಾಲದ ಮೊದಲಲ್ಲಿ, ಗಿಡವನ್ನೆತ್ತಿ ಬೇರಿನ ತುದಿಗಳನ್ನು ಕತ್ತರಿಸಿ ಹೊಸ ಮಣ್ಣು ಕೊಡಬೇಕು. ಗಿಡವನ್ನು ಹಸಿವಿಗೆ ಕೆಡವಿ ಕುಳ್ಳಾಗಿಸುವರೆಂಬ ಮಾತು ಸರಿಯಲ್ಲ. ಬೇರನ್ನೂ ಕೊಂಬೆಯನ್ನೂ ಸಮವಾಗಿ ಸವರುವುದರಿಂದಲೇ ಅದು ಚಿಕ್ಕದಾಗಿಯೂ ಆರೋಗ್ಯವಾಗಿಯೂ ಇರುವುದು.

ಇಂಥ ಪುಟ್ಟ ತೋಟವು ನಮಗೆ ಹೊಸದೆ? ನವರಾತ್ರಿಯನ್ನು ನೆನೆಯೋಣ. ಹಂಪೆಯ ಮಹಾನವಮಿ ದಿಬ್ಬದೆದುರು ಒಂಬತ್ತು ದಿನ ನಡೆಯುತ್ತಿದ್ದ ವೈಭವವನ್ನು ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸನು 1520ರ ಸುಮಾರಿನಲ್ಲಿ ಕಣ್ಣಾರೆ ಕಂಡು ಬರೆದಿಟ್ಟಿರುವನು. 1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಯುದ್ಧವಾಯಿತು, ನಗರವು ಹಾಳಾಯಿತು. ಉತ್ಸವವು ಮಾತ್ರ ಅಳಿಯಲಿಲ್ಲ. 1610ರಲ್ಲಿ ರಾಜ ಒಡೆಯರು ಅದನ್ನು ಶ್ರೀರಂಗಪಟ್ಟಣದಲ್ಲಿ ನಡೆಸಿದರು. ಮುಂದೆ ಅದು ಮೈಸೂರಿನ ದಸರೆಯಾಯಿತು. ಮನೆಗಳಲ್ಲಿ ಹೆಂಗಸರೂ ಮಕ್ಕಳೂ ಮೆಟ್ಟಿಲುಗಳನ್ನು ಕಟ್ಟಿ, ಮೇಲೆ ಪಟ್ಟದ ಬೊಂಬೆಗಳನ್ನು ಕೂರಿಸಿ, ಕೆಳಗೆ ತಟ್ಟೆಯಲ್ಲಿ ರಾಗಿಯನ್ನೋ ಸಾಸಿವೆಯನ್ನೋ ಮೊಳೆಯಿಸಿ ಗದ್ದೆಯನ್ನೂ, ಕನ್ನಡಿಯಿಂದ ಕೆರೆಯನ್ನೂ, ಮಣ್ಣಿನಿಂದ ಬೆಟ್ಟವನ್ನೂ ಮಾಡುವರು. ಉತ್ತರ ಕರ್ನಾಟಕದ ಮನೆಗಳಲ್ಲಿ ಘಟಸ್ಥಾಪನೆಯ ದಿನ ಮಣ್ಣಿನಲ್ಲಿ ಧಾನ್ಯವನ್ನು ಬಿತ್ತಿ, ಒಂಬತ್ತು ದಿನ ನೀರೆರೆದು, ಎದ್ದ ಸಸಿಗಳನ್ನು ಪೂಜಿಸುವರು. ಜಪಾನೀಯನ ತಟ್ಟೆಯು ತಲೆಮಾರುಗಳನ್ನು ಬಯಸಿದರೆ, ನಮ್ಮದು ಒಂಬತ್ತೇ ದಿನದ್ದು. ಆದರೆ ಪ್ರತಿವರ್ಷವೂ ಹೊಸದಾಗಿ ಹುಟ್ಟುವುದು.

ಚಿಕ್ಕದರ ಬಾಳಿಕೆಗೆ ಮತ್ತೊಂದು ನಿದರ್ಶನವುಂಟು. ವಿಜಯನಗರವು ಅಳಿದ 60 ವರ್ಷಗಳ ಮೇಲೆ, 1625ರಿಂದ, ಜಪಾನಿನಲ್ಲಿ ಒಂದು ಬಿಳಿಯ ಪೈನ್ ಮರವನ್ನು ಕುಂಡದಲ್ಲಿ ಸಾಕುತ್ತ ಬಂದರು. 1945ರ ಆಗಸ್ಟ್ 6ರಂದು ಹಿರೊಶಿಮಾದ ಮೇಲೆ ಅಣುಬಾಂಬು ಬಿದ್ದಾಗ ಆ ಮರವು ಅಲ್ಲಿಂದ ಎರಡು ಮೈಲಿಗೂ ಕಡಮೆ ದೂರದಲ್ಲಿದ್ದು, ಯಾಮಾಕಿ ಮನೆತನದವರ ತೋಟದ ಗೋಡೆಯ ಮರೆಯಲ್ಲಿ ಉಳಿಯಿತು. 1976ರಲ್ಲಿ ಮಸಾರು ಯಾಮಾಕಿಯು ಅದನ್ನು ಅಮೆರಿಕಕ್ಕೆ ಕಾಣಿಕೆಯಾಗಿ ಕೊಟ್ಟನು. ಬಾಂಬಿನ ಸಂಗತಿಯನ್ನು ಅವನು ಎತ್ತಿ ಹೇಳಲಿಲ್ಲ. 2001ರಲ್ಲಿ ಮೊಮ್ಮಕ್ಕಳು ನೋಡಲು ಹೋದಾಗಲೇ ವಾಷಿಂಗ್ಟನ್ನಿನ ವೃಕ್ಷೋದ್ಯಾನದವರಿಗೆ ಅದು ತಿಳಿದದ್ದು.

ಕಲ್ಲಿನ ದಿಬ್ಬವು ಆಳುವವರನ್ನು ಕಳೆದುಕೊಂಡು ಬರಿದಾಯಿತು. ಆ ದಿಬ್ಬದ ಹಬ್ಬವು ಮನೆಯ ಮೂಲೆಯಲ್ಲಿ ಉಳಿಯಿತು. ನಗರವು ಬೂದಿಯಾಯಿತು; ಕುಂಡದ ಮರವು ಉಳಿಯಿತು. ಚಿಕ್ಕದು ತಾನಾಗಿ ಬಾಳುವುದಿಲ್ಲ. ದಿನವೂ ನೀರೆರೆಯುವ ಕೈಯೊಂದು ಬೇಕು. ಆ ಕೈ ಸೋತಾಗ ಮತ್ತೊಂದು ಕೈ ಮುಂದಾಗಬೇಕು. ಇಂದು ನಮ್ಮ ಪಟ್ಟಣದ ಮನೆಗಳಲ್ಲಿ ಅಂಗಳವಿಲ್ಲ, ಬಿಡುವೂ ಕಡಮೆ. ಆದರೂ ಕಿಟಕಿಯ ಬಳಿ ಒಂದು ಹರಿವಾಣಕ್ಕೆ ಸ್ಥಳವಿದ್ದೇ ಇದೆ. ಮುಂದಿನ ನವರಾತ್ರಿಗೆ ರಾಗಿಯನ್ನು ಮೊಳೆಯಿಸುವಾಗ ಅದರ ನೀರಿನ ಚೆಂಬನ್ನು ಮನೆಯ ಮಕ್ಕಳ ಕೈಗೆ ಕೊಡುವುದನ್ನು ನಾವು ಮರೆಯದಿರೋಣ.