ಎತ್ತಿನಿಂದ ಲ್ಯಾಪ್‌ಟಾಪ್‌ವರೆಗೆ: ಬಲ ಮತ್ತು ಬಾಳಿಕೆಯ ಲೆಕ್ಕ

ಕಾಲೇಜು ಸೇರುವ ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಕೊಡಿಸಲು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಕುಟುಂಬಗಳು ಮೈಸೂರಿನ ಅಂಗಡಿಗಳಿಗೆ ಬರುತ್ತವೆ. ಕೈಯಲ್ಲಿರುವುದು ಸಂಘದ ಸಾಲ, ಇಲ್ಲವೇ ತಂಬಾಕು ಮಾರಿ ಎತ್ತಿಟ್ಟ ಹಣ. ಅಂಗಡಿಯವರು ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಎಂದು ಅಂಕಿಗಳನ್ನು ಒಪ್ಪಿಸುತ್ತಾರೆ. ಕರೆಂಟು ಹೋದರೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ತೇಲಿಹೋಗುತ್ತದೆ. ಎಳೆಯುವ ಬಲ ಒಂದು, ದಣಿಯದೆ ನಡೆಯುವ ಬಲ ಇನ್ನೊಂದು. ಎರಡೂ ಒಂದೇ ಕಡೆ ಸಿಗುವುದು ಕಷ್ಟ. ಇದು ನಮ್ಮ ಕಾಲದ ಹೊಸ ಸಮಸ್ಯೆಯೇನಲ್ಲ. ಹುಣಸೂರಿನಲ್ಲಿಯೇ ಇದಕ್ಕೊಂದು ದೊಡ್ಡ ಇಲಾಖೆ ಇತ್ತು.

ಮೈಸೂರು ಅರಸರ ಕಾಲದಲ್ಲಿ, ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ, ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿತ್ತು. ಹಾಲು, ಬೆಣ್ಣೆ ಅದರ ಕಸುಬು. ಹೈದರ್ ಅಲಿ ಅದರಲ್ಲಿ ಬೇರೆಯದೇ ಸಾಧ್ಯತೆಯನ್ನು ಕಂಡ. ಹಳ್ಳಿಕಾರ್ ತಳಿಯ ಹಗುರ ಮೈಯ, ಚುರುಕು ಕಾಲಿನ ಎತ್ತುಗಳನ್ನು ಫಿರಂಗಿಗೆ ಕಟ್ಟಿದ. ಚಿದಂಬರದ ನೆರವಿಗೆ ಅವನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದನ್ನು ಬ್ರಿಟಿಷರ ಗೆಜೆಟಿಯರುಗಳೇ ಬರೆದಿಟ್ಟಿವೆ. ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಹೋಗುತ್ತಿದ್ದನಂತೆ. ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟವನು ಟಿಪ್ಪು. ಹೆಸರಿಟ್ಟು ಸುಮ್ಮನಾಗಲಿಲ್ಲ. ದನಗಳ ಪಾಲನೆ, ಸಾಕಣೆಗೆ ಒಂದು ಹುಕುಂನಾಮೆಯನ್ನೇ ಹೊರಡಿಸಿದ. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಎಣಿಕೆಗೆ ಎಷ್ಟೋ ಸಲ ತಾನೇ ಬಂದು ಚೆನ್ನಾಗಿ ಸಾಕಿದವರಿಗೆ ಇನಾಮು ಕೊಡುತ್ತಿದ್ದ. ಟಿಪ್ಪುವಿನ ಹೆಸರೆತ್ತಿದರೆ ಇಂದು ಕತ್ತಿಯ ಜಗಳವೇ ನಡೆಯುತ್ತದೆ. ಅವನ ಕಚೇರಿಯ ಈ ಕಾಗದಪತ್ರಗಳ ಕಡೆಗೆ ಜಗಳವಾಡುವ ಇಬ್ಬರಿಗೂ ಗಮನವಿಲ್ಲ.

1799ರ ನಂತರ ಇಂಗ್ಲಿಷರು ಅದೇ ನಿಯಮಗಳನ್ನು ಉಳಿಸಿಕೊಂಡರು. ನಡುವೆ ಹತ್ತಾರು ವರ್ಷ ಹಿಂಡು ಸೊರಗಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯ ಕೈಗೆ ಅದನ್ನು ಒಪ್ಪಿಸಿದರು. ಹುಣಸೂರು ಇಲಾಖೆಯ ಮುಖ್ಯ ಕೇಂದ್ರವಾಯಿತು. ಸೈನ್ಯಕ್ಕೆ ಬೇಕಾದ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೇಯ್ಗೆ, ಮರದ ಅಡ್ಡೆ, ಗಾಡಿ ತಯಾರಿಕೆ ಎಲ್ಲ ಈ ಊರಿನಲ್ಲಿ ಬೆಳೆದವು. ಓಂಗೋಲಿನಂಥ ದೊಡ್ಡ ಮೈಯ ತಳಿ ಹೆಚ್ಚು ಹೊರೆ ಎಳೆಯುತ್ತದೆ, ಆದರೆ ನಿಧಾನ. ಅಮೃತ ಮಹಲಿನವರು ತೂಕ ನೋಡಿ ಎತ್ತು ಆರಿಸಲಿಲ್ಲ. ತಿಂದ ಮೇವಿಗೆ ಎಷ್ಟು ದೂರ, ಎಷ್ಟು ವೇಗದಲ್ಲಿ ನಡೆಯುತ್ತದೆ ಎಂಬುದೇ ಅವರ ಲೆಕ್ಕ.

ಕಂಪ್ಯೂಟರ್ ತಯಾರಿಸುವವರು ಈ ಲೆಕ್ಕಕ್ಕೆ ಬರಲು ಬಹಳ ಕಾಲ ಹಿಡಿಯಿತು. 1981ರಲ್ಲಿ ಅಮೆರಿಕದಲ್ಲಿ ಬಂದ ಆಸ್ಬೋರ್ನ್-1 ಕೈಯಲ್ಲಿ ಹೊತ್ತೊಯ್ಯುವ ಕಂಪ್ಯೂಟರ್ ಎಂದು ಹೆಸರಾಯಿತು. ತೂಕ ಸುಮಾರು 11 ಕಿಲೋ, ಒಳಗೆ ಬ್ಯಾಟರಿಯೇ ಇಲ್ಲ! 1991ರಲ್ಲಿ ಸೋನಿ ಕಂಪೆನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಲ್ಯಾಪ್‌ಟಾಪ್ ಎಂಬುದಕ್ಕೆ ಅರ್ಥ ಬಂತು. ಆದರೂ ಪ್ರತಿ ವರ್ಷ ಹೆಚ್ಚಿದ್ದು ವೇಗ, ವೇಗ, ವೇಗ. ಗೋಡೆಯಲ್ಲಿ ಪ್ಲಗ್ ಇದ್ದೇ ಇರುತ್ತದೆ, ಅದರಲ್ಲಿ ಕರೆಂಟೂ ಇರುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಯಂತ್ರಗಳವು. ನಮ್ಮ ಸೀಮೆಗೆ ಆ ನಂಬಿಕೆ ಯಾವಾಗ ಇತ್ತು? ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮೈಸೂರು ನಗರಕ್ಕೆ ಬೆಳಕು ಬಂದದ್ದು 1908ರಲ್ಲಿ. ಹಳ್ಳಿಗಳ ಸರದಿ ಅದಕ್ಕೂ ಬಹಳ ಹಿಂದೆ.

ಈ ನಂಬಿಕೆಯನ್ನು ಬಿಟ್ಟು ಯೋಚಿಸಿದವರು ಬೆಂಗಳೂರಿನಲ್ಲಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಕಂಪೆನಿಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ಹೊರಬಂತು. ಅಂಗೈಯಲ್ಲಿ ಹಿಡಿಯಬಹುದಾದ ಕಂಪ್ಯೂಟರ್, ಕೀಲಿಮಣೆ ಇಲ್ಲ, ಪರದೆಯ ಮೇಲೆ ಕಡ್ಡಿಯಿಂದ ಮುಟ್ಟಬೇಕು. ಓದಲು ಬಾರದವರಿಗೆ ಪಠ್ಯವನ್ನು ಕನ್ನಡ, ಹಿಂದಿ, ತಮಿಳಿನಲ್ಲಿ ಓದಿ ಹೇಳುವ ಯೋಜನೆ. ನಡೆಯುವುದು ಟಾರ್ಚ್ ಸೆಲ್ಲಿನ ತಮ್ಮನಂತಿರುವ ಮೂರು ಸಣ್ಣ ಸೆಲ್ಲುಗಳಲ್ಲಿ. ಗುರಿ ಬೆಲೆ 9,000 ರೂಪಾಯಿ.

ಅಷ್ಟು ಕೊಡಲಾಗದವರು ಏನು ಮಾಡಬೇಕು? ಅದಕ್ಕೂ ಉತ್ತರವಿತ್ತು. ಯಂತ್ರ ಊರಿಗೊಂದು ಸಾಕು. ಪ್ರತಿಯೊಬ್ಬರ ಬಳಿ ಒಂದು ಸ್ಮಾರ್ಟ್ ಕಾರ್ಡ್. ಕಾರ್ಡ್ ತೂರಿಸಿದರೆ ಆ ಹೊತ್ತಿಗೆ ಯಂತ್ರ ಅವರದು. ಊರ ಬಾವಿಯ ಹಾಗೆ. ವಿನ್ಯಾಸವನ್ನೂ ಮುಚ್ಚಿಡಲಿಲ್ಲ. ಯಾರು ಬೇಕಾದರೂ ಪರವಾನಗಿ ಪಡೆದು ತಯಾರಿಸಬಹುದಿತ್ತು. ಬಡ ದೇಶದವರಿಗೆ ಶುಲ್ಕ ಕಡಿಮೆ, ಶ್ರೀಮಂತ ದೇಶದವರಿಗೆ ಹೆಚ್ಚು. ಕನ್ನಡ ನೆಲದಲ್ಲಿ ಹುಟ್ಟಿದ ತಂತ್ರಜ್ಞಾನದ ಯೋಚನೆಗಳಲ್ಲಿ ಇಷ್ಟು ನ್ಯಾಯಬುದ್ಧಿಯದು ಇನ್ನೊಂದಿಲ್ಲ ಎಂದೇ ನಮ್ಮ ಅಭಿಪ್ರಾಯ.

ಆದರೆ ಯೋಚನೆ ಅಂಗಡಿಗೆ ಬರುವಷ್ಟರಲ್ಲಿ ಮೂರು ವರ್ಷ ಕಳೆಯಿತು. ಬಂಡವಾಳ ಹಾಕುವವರು ಸಿಗಲಿಲ್ಲ. 2004ರಲ್ಲಿ ಬಿ.ಇ.ಎಲ್. ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಬಿಡುಗಡೆಯಾದಾಗ ಕಪ್ಪು-ಬಿಳುಪಿನದಕ್ಕೇ ಬೆಲೆ ಹತ್ತು ಸಾವಿರದ ಹತ್ತಿರ. ಬಣ್ಣದ್ದಕ್ಕೆ ಇನ್ನೂ ಹೆಚ್ಚು. ಅದನ್ನು ಅಲುಗಿಸಿದರೆ ಪುಟ ತಿರುಗುತ್ತಿತ್ತು. ಕೈಯ ಚಲನೆಯನ್ನು ಗುರುತಿಸುವ ಐಫೋನ್ ಬಂದದ್ದು 2007ರಲ್ಲಿ. ಇಷ್ಟಿದ್ದೂ 2005ರವರೆಗೆ ಮಾರಾಟವಾದದ್ದು ಸುಮಾರು 4,000 ಮಾತ್ರ. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಕೆಲವನ್ನು ಬಳಸಿತು. ಆ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ತಾಲ್ಲೂಕು ಕಚೇರಿಯ ಕಂಪ್ಯೂಟರ್ ಸೇರಿ, 15 ರೂಪಾಯಿಗೆ ಕೈಗೆ ಸಿಗುತ್ತಿದ್ದವು. ಆ ಪಹಣಿ ತಾಲ್ಲೂಕು ಕೇಂದ್ರದಿಂದ ಹೊಲದ ಬದುವಿಗೆ ಬರಲು ಇಂಥದೇ ಒಂದು ಕೈಯಂತ್ರ ಬೇಕಿತ್ತು. ಅದು ದೊಡ್ಡದಾಗಿ ಬೆಳೆಯಲಿಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಮೊಬೈಲ್ ಕೊಡತೊಡಗಿದ ಮೇಲೆ ಜನ ಆ ಕಡೆ ನಡೆದರು. ಜನರದು ತಪ್ಪೆನ್ನಲಾಗದು, ಮಾತಾಡಬೇಕೆಂಬ ಹಸಿವು ಓದಬೇಕೆಂಬ ಹಸಿವಿಗಿಂತ ಮೊದಲಿನದು. ಆದರೆ ಎರಡು ಯಂತ್ರಗಳ ಹಿಂದಿನ ಯೋಚನೆ ಬೇರೆ. ಒಂದರಲ್ಲಿ ಊರು ಒಟ್ಟಾಗಿ ಕೂರಬೇಕಿತ್ತು. ಇನ್ನೊಂದರಲ್ಲಿ ಪ್ರತಿಯೊಬ್ಬನೂ ಪ್ರತ್ಯೇಕ ಗಿರಾಕಿ.

ಇದೇ ಬಿ.ಇ.ಎಲ್. ತಯಾರಿಸಿದ ಇನ್ನೊಂದು ಯಂತ್ರ ಗೆದ್ದಿತು ಎಂಬುದನ್ನೂ ಹೇಳಬೇಕು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಯಾದ ಮತಯಂತ್ರ 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ ಎಲ್ಲ ಮತಗಟ್ಟೆಗಳಿಗೂ ಬಂತು. ಅದಕ್ಕೆ ಕರೆಂಟು ಬೇಡ, ಬ್ಯಾಟರಿ ಸಾಕು. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯವರೂ ಬೆಂಗಳೂರಿನ ಬಡಾವಣೆಯವರೂ ಒಂದೇ ಗುಂಡಿ ಒತ್ತುತ್ತಾರೆ. ಸರ್ಕಾರಕ್ಕೆ ಅಗತ್ಯ ಕಂಡಾಗ ಬಾಳಿಕೆಯ ಯಂತ್ರ ಹಳ್ಳಿ ತಲುಪುತ್ತದೆ.

ಸಿಂಪ್ಯೂಟರ್‌ನ ಹೊಟ್ಟೆಯಲ್ಲಿದ್ದ ಚಿಪ್ಪಿನ ಕತೆ ಮಾತ್ರ ಮುಗಿಯಲಿಲ್ಲ. ಅದು ‘ಸ್ಟ್ರಾಂಗ್‌ಆರ್ಮ್’, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1985ರಲ್ಲಿ ಹುಟ್ಟಿದ ಆರ್ಮ್ ವಂಶದ್ದು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಆ ವಂಶದ ಗುಣ. ನಮ್ಮ ಹಳ್ಳಿಕಾರ್ ಎತ್ತಿನ ಹಾಗೆ. ಮೊಬೈಲ್‌ಗಳಲ್ಲೆಲ್ಲ ಅದೇ ತುಂಬಿತು. 2020ರ ನವೆಂಬರ್‌ನಲ್ಲಿ ಆಪಲ್ ಕಂಪೆನಿ ಎಂ-1 ಚಿಪ್ಪಿನೊಂದಿಗೆ ಅದನ್ನು ತನ್ನ ಲ್ಯಾಪ್‌ಟಾಪ್‌ಗಳಿಗೆ ತಂದಿತು. 2024ರಲ್ಲಿ ಕ್ವಾಲ್‌ಕಾಂನ ಹೊಸ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಬಂದವು. ಬಲವೂ ಇದೆ, ಬೆಳಗಿನಿಂದ ಸಂಜೆವರೆಗೆ ನಡೆಯುವ ಕಸುವೂ ಇದೆ. ಪೈಪೋಟಿಗೆ ಇಂಟೆಲ್ ಕೂಡ ಅದೇ ವರ್ಷ ಮಿತವ್ಯಯದ ಚಿಪ್ ತಂದಿತು. ಬೆಲೆ ಮಾತ್ರ ಹಳ್ಳಿಯ ಕೈಗೆ ಸುಲಭದ್ದಲ್ಲ.

ಹಾಗಾಗಿ ಅಂಗಡಿಗೆ ಹೋಗುವವರು ಅಮೃತ ಮಹಲಿನವರ ಲೆಕ್ಕವನ್ನೇ ಹಾಕಬೇಕು. ಬ್ಯಾಟರಿ ಎಷ್ಟು ವಾಟ್-ಅವರ್ ಎಂದು ಕೇಳಿ, ಅದು ಮೇವು. ಯಂತ್ರ ಓದು-ಬರಹದ ಕೆಲಸದಲ್ಲಿ ಎಷ್ಟು ವಾಟ್ ತಿನ್ನುತ್ತದೆ ಎಂಬುದು ಹಸಿವು. 60 ವಾಟ್-ಅವರ್ ಬ್ಯಾಟರಿ, 6 ವಾಟ್ ಹಸಿವು ಇದ್ದರೆ ಹತ್ತು ಗಂಟೆ. ಆಟಕ್ಕೆಂದು ಮಾಡಿದ ಯಂತ್ರದಲ್ಲಿ 80 ಇದ್ದರೂ 25 ವಾಟ್ ತಿಂದರೆ ಮೂರು ಗಂಟೆ ಚಿಲ್ಲರೆ. ಪರದೆಯ ಬೆಳಕು ತಗ್ಗಿಸಿದರೆ ಒಂದಿಷ್ಟು ಉಳಿಯುತ್ತದೆ. ಬಿಸಿಲಿಗೆ, ಬಿಸಿಗೆ ಬಿಟ್ಟರೆ ಬ್ಯಾಟರಿ ಬೇಗ ಮುದಿಯಾಗುತ್ತದೆ; ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಹೇಗೂ ಅದರ ಕಸುವು ಕುಗ್ಗುತ್ತದೆ, ಬದಲಿ ಬ್ಯಾಟರಿ ಮೈಸೂರಿನಲ್ಲೇ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಯೂನಿಕೋಡ್ ಕನ್ನಡ ಎಲ್ಲ ಯಂತ್ರಗಳಲ್ಲೂ ನಡೆಯುತ್ತದೆ. ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ಕಡತಗಳು ನಿಮ್ಮಲ್ಲಿದ್ದರೆ ಒಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಹಣ ಕೊಡುವ ಮೊದಲು ಅಂಗಡಿಯಲ್ಲೇ ತೆರೆದು ನೋಡಿ.